ನಿಮ್ಮ ಕೈಗೆ ಯಾವ ಪಿಸ್ತೂಲು? ಎಡಗೈಯವರೂ ನೋಡಬೇಕಾದ ಲೆಕ್ಕ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ಪಿಸ್ತೂಲಿನ ಮಾತು ಬಂದರೆ ಅದರ ಹಿಂದೆಯೇ ಭೀಮಾ ತೀರದ ಮಾತೂ ಬರುತ್ತದೆ. ಪೊಲೀಸರು ಕಂಟ್ರಿ ಪಿಸ್ತೂಲು ಹಿಡಿದ ಸುದ್ದಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಆಯುಧಗಳ ಫೋಟೊ ಈ ಭಾಗದವರಿಗೆ ಹೊಸತಲ್ಲ. ಆದರೆ ಇದೇ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಕಾನೂನಿನಂತೆ ಲೈಸೆನ್ಸ್ ಪಡೆದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ರಸೀದಿ ತೋರಿಸಿ ವಾಪಸು ತರುವ ಜನರೂ ಇದ್ದಾರೆ. ನಿವೃತ್ತ ಸೈನಿಕರು, ಅಡತಿ ವ್ಯಾಪಾರಿಗಳು, ಗುತ್ತಿಗೆದಾರರು, ಊರಿಂದ ದೂರ ತೋಟದ ಮನೆಯಲ್ಲಿ ಇರುವವರು. ಈ ಬರಹ ಅವರಿಗೆ. ಪೊಲೀಸ್ ಕೆಲಸಕ್ಕೆ ಸೇರಲು ಹೊರಟ ಹುಡುಗ ಹುಡುಗಿಯರಿಗೂ, ಗುರಿ ಹೊಡೆಯುವ ಆಟ ಕಲಿಯಬೇಕು ಎನ್ನುವ ಮಕ್ಕಳ ಪಾಲಕರಿಗೂ ಇದು ಉಪಯೋಗಕ್ಕೆ ಬಂದೀತು.

ಆಯುಧ ಕೊಳ್ಳಲು ಹೋದವರು ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ರೇಟು, ಎಷ್ಟು ಗುಂಡು ಹಿಡಿಯುತ್ತದೆ ಎಂದು. ಇದು ನನ್ನ ಕೈಗೆ ಕೂರುತ್ತದೆಯೇ ಎಂಬ ಪ್ರಶ್ನೆ ಕಡೆಗೆ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ನನ್ನ ಪ್ರಕಾರ ಅದೇ ಮೊದಲ ಪ್ರಶ್ನೆಯಾಗಬೇಕು. ಕೈಗೆ ಕೂರದ ಆಯುಧ ಗುರಿ ತಪ್ಪುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಬೇಡದ ಹೊತ್ತಿನಲ್ಲಿ ಹಾರುತ್ತದೆ.

ಮೊದಲು ಕಾನೂನಿನ ಮಿತಿ

ಅಳತೆಯ ಮಾತಿಗೆ ಮುಂಚೆ ನಮ್ಮ ಆಯ್ಕೆ ಎಷ್ಟು ಸಣ್ಣದು ಎಂಬುದು ತಿಳಿದಿರಲಿ. ಯೂಟ್ಯೂಬಿನಲ್ಲಿ ಕಾಣುವ 9 ಎಂ.ಎಂ. ಪಿಸ್ತೂಲುಗಳು ಭಾರತದಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವಂಥವಲ್ಲ. ಸೇನೆ, ಪೊಲೀಸರು ಬಳಸುವ 9 ಎಂ.ಎಂ. ಕಾಡತೂಸು ಹಿಡಿಯುವ ಪಿಸ್ತೂಲು, ಪಾಯಿಂಟ್ 380 ಹಾಗೂ ಪಾಯಿಂಟ್ 455 ಬೋರಿನ ರಿವಾಲ್ವರ್ ಎಲ್ಲವೂ ನಿಷೇಧಿತ ಬೋರಿನ ಪಟ್ಟಿಯಲ್ಲಿವೆ. ಹಾಗಾಗಿ ನಮ್ಮ ಲೈಸೆನ್ಸುದಾರರ ಕೈಯಲ್ಲಿ ಇರುವುದು ಬಹುಪಾಲು ಪಾಯಿಂಟ್ 32, ಅಲ್ಲಲ್ಲಿ ಪಾಯಿಂಟ್ 22. ವಿದೇಶಿ ಆಯುಧಗಳ ಆಮದು 1980ರ ದಶಕದ ನಡುಭಾಗದಿಂದ ಸಾಮಾನ್ಯರಿಗೆ ಮುಚ್ಚಿದೆ. ಅದಕ್ಕೂ ಮುಂಚೆ ಬಂದ ಹಳೆಯ ವೆಬ್ಲಿ, ವಾಲ್ಥರ್, ಬ್ರೌನಿಂಗ್‌ಗಳೇ ಕೈಯಿಂದ ಕೈಗೆ ಹೋಗುತ್ತಾ ಲಕ್ಷಗಟ್ಟಲೆ ಬೆಲೆ ಬಾಳುತ್ತಿವೆ.

ವಿಜಯಪುರ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿ. 1959ರ ಆಯುಧ ಕಾಯ್ದೆ ಮತ್ತು 2016ರ ಆಯುಧ ನಿಯಮಗಳ ಪ್ರಕಾರ ಎ-1 ನಮೂನೆಯಲ್ಲಿ ಅರ್ಜಿ, ಆಯುಧವನ್ನು ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಪೊಲೀಸ್ ವರದಿ ಎಲ್ಲವೂ ಬೇಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಗರಿಷ್ಠ ಎರಡು ಆಯುಧ, ಲೈಸೆನ್ಸಿನ ಅವಧಿ 5 ವರ್ಷ. ಅದೇ ತಿದ್ದುಪಡಿ ಮದುವೆ ಮೆರವಣಿಗೆ, ಜಾತ್ರೆ, ವಿಜಯೋತ್ಸವಗಳಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವುದನ್ನೂ ಅಪರಾಧ ಮಾಡಿದೆ. ಅದರಿಂದ ಬೇರೆಯವರ ಜೀವಕ್ಕೆ ಅಪಾಯ ಒಡ್ಡಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಬೆಳೆ ಕಾಯುವುದಕ್ಕೆ ಪಿಸ್ತೂಲು ಬೇಕು ಎನ್ನುವ ರೈತರಿಗೆ ಒಂದು ಮಾತು. ಕಾಡುಹಂದಿಯ ಕಾಟಕ್ಕೆ ಕೈಬಂದೂಕು ಉತ್ತರವಲ್ಲ. ಕಾಯ್ದೆಯೇ ಬೆಳೆ ರಕ್ಷಣೆಗೆ ಹೇಳುವುದು ಉದ್ದ ನಳಿಗೆಯ ಬಂದೂಕನ್ನು. ಬೆಳೆಗೆ ಬರುವ ಕೃಷ್ಣಮೃಗವಂತೂ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಅದರ ಮೇಲೆ ಗುಂಡು ಹಾರಿಸಿದರೆ ಬೆಳೆಯೂ ಉಳಿಯುವುದಿಲ್ಲ, ಮನೆಯವರೂ ಕೋರ್ಟಿನ ಪಾಲಾಗುತ್ತಾರೆ.

ಕಂಟ್ರಿ ಪಿಸ್ತೂಲಿನ ಮಾತನ್ನು ಇಲ್ಲೇ ಮುಗಿಸುತ್ತೇನೆ, ಮುಂದಿನ ಯಾವ ಹೋಲಿಕೆಯಲ್ಲೂ ಅದಕ್ಕೆ ಜಾಗವಿಲ್ಲ. ಒತ್ತಡ ತಾಳುತ್ತದೆಯೇ ಎಂದು ಯಾರೂ ಪರೀಕ್ಷಿಸದ ಕಬ್ಬಿಣ, ಕಾಡತೂಸಿನ ಅಳತೆಗೆ ಸರಿಹೊಂದದ ನಳಿಗೆ, ಕೆಳಗೆ ಬಿದ್ದರೆ ತಾನಾಗಿ ಹಾರಬಲ್ಲ ಸುತ್ತಿಗೆ: ಇಷ್ಟು ಸಾಕು ಹಿಡಿದವನ ಬೆರಳೇ ಹೋಗುವುದಕ್ಕೆ. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡರೆ ಈಗ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಶಿಕ್ಷೆ. ಸೊಂಟದಲ್ಲಿ ಒಂದು ಇದ್ದರೆ ಮರ್ಯಾದೆ ಎಂದು ನಂಬಿ ಹಾಳಾದ ಹುಡುಗರ ಮನೆಗಳನ್ನು ಈ ನಾಡು ಬೇಕಾದಷ್ಟು ಕಂಡಿದೆ.

ಅಂಗೈ ಅಳೆಯುವುದು

ಕೈ ನೇರ ಚಾಚಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲನ್ನು ನೋಡಿ. ಆ ಕವಲಿನಿಂದ ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗದವರೆಗಿನ ಅಂತರವೇ ನಿಮ್ಮ ಅಳತೆ. ಆಯುಧದಲ್ಲಿ ಇದಕ್ಕೆ ಸರಿಯಾಗಿ ಹಿಡಿಯ ಹಿಂಭಾಗದಿಂದ ಟ್ರಿಗರ್‌ನ ಮುಖದವರೆಗಿನ ಅಂತರವಿರುತ್ತದೆ. ಆಯುಧದ ಅಂತರ ಕೈಗಿಂತ ಹೆಚ್ಚಾದರೆ ಬೆರಳಿನ ತುದಿಯಷ್ಟೇ ಟ್ರಿಗರ್‌ಗೆ ತಾಕುತ್ತದೆ, ಎಳೆಯುವಾಗ ನಳಿಗೆ ಪಕ್ಕಕ್ಕೆ ಸರಿಯುತ್ತದೆ. ಕಡಿಮೆಯಾದರೆ ಬೆರಳು ಎರಡನೇ ಗೆಣ್ಣಿನವರೆಗೆ ಒಳಗೆ ನುಗ್ಗಿ ಎಳೆತ ಇನ್ನೊಂದು ದಿಕ್ಕಿಗೆ ವಾಲುತ್ತದೆ.

ಮುಂಗೈ ಮೂಳೆ ಮತ್ತು ನಳಿಗೆ ಒಂದೇ ಗೆರೆಯಲ್ಲಿ ಬರುವಂತೆ ಹಿಡಿದಾಗ ಬೆರಳಿನ ಮೊದಲ ಮೆತ್ತೆ ಟ್ರಿಗರ್‌ನ ನಡುವೆ ಕೂರಬೇಕು. ಟ್ರಿಗರ್ ಮುಟ್ಟಲು ಹಿಡಿತವನ್ನೇ ತಿರುಗಿಸಬೇಕಾಗಿ ಬಂದರೆ ಆ ಆಯುಧ ನಿಮ್ಮದಲ್ಲ. ಅದನ್ನು ಅಲ್ಲೇ ಕೆಳಗಿಡಿ. ಈ ಪರೀಕ್ಷೆಯನ್ನು ಲೈಸೆನ್ಸ್ ಪಡೆದ ಡೀಲರ್ ಎದುರಿಗೆ, ಆಯುಧ ಖಾಲಿ ಇದೆ ಎಂದು ಇಬ್ಬರೂ ಕಣ್ಣಾರೆ ನೋಡಿದ ಮೇಲೆ, ನಳಿಗೆ ಯಾರ ಕಡೆಗೂ ತಿರುಗದಂತೆ ಮಾಡಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ತಪ್ಪು ನಡೆಯುತ್ತಲೇ ಬಂದಿದೆ. ಅವರಿಗೆ ಸಣ್ಣದು, ಹಗುರವಾದದ್ದು ಸಾಕು ಎಂದು ಮನೆಯ ಗಂಡಸರು ತೀರ್ಮಾನಿಸಿಬಿಡುತ್ತಾರೆ. 2014ರಲ್ಲಿ ಕಾನ್ಪುರದಿಂದ ಬಂದ 'ನಿರ್ಭೀಕ್' ರಿವಾಲ್ವರನ್ನು ಮಹಿಳೆಯರಿಗೆಂದೇ ಪ್ರಚಾರ ಮಾಡಲಾಯಿತು. ಪಾಯಿಂಟ್ 32 ಬೋರ್, ಟೈಟಾನಿಯಂ ಮಿಶ್ರಲೋಹ, ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1,22,360 ರೂಪಾಯಿ. ಆಮೇಲೆ ಪಾಯಿಂಟ್ 22ರ 'ನಿಡರ್' ಬಂತು, ತೂಕ ಸುಮಾರು 250 ಗ್ರಾಂ. ಹೊತ್ತು ತಿರುಗಲು ಹಗುರ ನಿಜ. ಆದರೆ ಒಂದೇ ಕಾಡತೂಸನ್ನು ಹಗುರ ಆಯುಧದಲ್ಲಿ ಹಾರಿಸಿದಾಗ ಒದೆತ ಹೆಚ್ಚು. ಎರಡನೇ ಗುಂಡಿಗೆ ನಳಿಗೆ ಮತ್ತೆ ಗುರಿಗೆ ಬರುವುದು ತಡ. ತೂಕವೇ ಒದೆತವನ್ನು ನುಂಗುವುದು. ಹೆಣ್ಣಾಗಲಿ ಗಂಡಾಗಲಿ ಕೈಯ ಅಳತೆ ನೋಡಿ ಕೊಳ್ಳಬೇಕು, ಹಿಡಿಯುವವರೇ ಹಿಡಿದು ನೋಡಿ ಆರಿಸಬೇಕು.

ಸಣ್ಣದು, ನಡುವಿನದು, ದೊಡ್ಡದು

ಲೋಕದ ಲೆಕ್ಕದಲ್ಲಿ ಪಿಸ್ತೂಲುಗಳನ್ನು ಮೂರು ಅಳತೆಯಲ್ಲಿ ಹೇಳುತ್ತಾರೆ. ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಮೂರು ಮಾದರಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಇವು ನಿಷೇಧಿತ ಬೋರಿನವು, ಕೊಳ್ಳಲು ಬಾರವು, ಅಳತೆ ಅರ್ಥವಾಗಲೆಂದು ಮಾತ್ರ ಹೇಳುತ್ತೇನೆ. ಗ್ಲಾಕ್ 17 ಸುಮಾರು 20 ಸೆಂ.ಮೀ. ಉದ್ದ, 17 ಗುಂಡು. ಗ್ಲಾಕ್ 19 ಸುಮಾರು ಹದಿನೆಂಟೂವರೆ ಸೆಂ.ಮೀ., 15 ಗುಂಡು. ಗ್ಲಾಕ್ 26 ಸುಮಾರು ಹದಿನಾರೂವರೆ ಸೆಂ.ಮೀ., 10 ಗುಂಡು. ಉದ್ದದಲ್ಲಿ ಮೂರ್ನಾಲ್ಕು ಸೆಂ.ಮೀ. ಇಳಿದಾಗ ನಿಜವಾಗಿ ಹೋಗುವುದು ಕಿರುಬೆರಳಿನ ಜಾಗ. ಕಿರುಬೆರಳು ಹಿಡಿಯ ಮೇಲೆ ಕೂರದಿದ್ದರೆ ಹಿಡಿತದ ಬಲ ಕುಗ್ಗುತ್ತದೆ.

ನಮ್ಮ ದೇಶದ ಪೊಲೀಸರು, ಸೈನಿಕರು ದಶಕಗಳಿಂದ ಕಂಡಿರುವ ದೊಡ್ಡ ಪಿಸ್ತೂಲು ಎಂದರೆ ಈಶಾಪುರ ಕಾರ್ಖಾನೆಯ 9 ಎಂ.ಎಂ. 1ಎ. ಇದು ಬೆಲ್ಜಿಯಂನಲ್ಲಿ 1935ರಲ್ಲಿ ಬಂದ ಬ್ರೌನಿಂಗ್ ಹೈಪವರ್‌ನ ಪಡಿಯಚ್ಚು. 13 ಗುಂಡುಗಳ ಎರಡು ಸಾಲಿನ ಮ್ಯಾಗಜಿನ್ ಇರುವುದರಿಂದ ಹಿಡಿ ದಪ್ಪ. ತರಬೇತಿಗೆ ಹೋದ ಕೆಲವರಿಗೆ ಮೊದಲ ದಿನ ಗುರಿ ಎಲ್ಲೆಲ್ಲೋ ಹೋಗಲು ಧೈರ್ಯದ ಕೊರತೆ ಕಾರಣವಲ್ಲ, ಟ್ರಿಗರ್‌ಗೆ ಬೆರಳು ಸಾಲದಿರುವುದು ಕಾರಣ. ಹಾಗಾದರೆ ಅದನ್ನು ತರಬೇತುದಾರರಿಗೆ ಹೇಳಿ, ಹಿಡಿತ ತಿದ್ದಿಸಿಕೊಳ್ಳಿ. ಸುಮ್ಮನಿದ್ದರೆ ತಪ್ಪು ಹಿಡಿತವೇ ರೂಢಿಯಾಗುತ್ತದೆ.

ನಾಗರಿಕರ ಪಾಲಿಗೆ ನಡುವಿನ ಅಳತೆಯೆಂದರೆ ಪಾಯಿಂಟ್ 32 ರಿವಾಲ್ವರ್. 2023ರ ಆಗಸ್ಟ್‌ನಲ್ಲಿ ಕಾನ್ಪುರದ ಸರ್ಕಾರಿ ಕಂಪನಿ ಬಿಡುಗಡೆ ಮಾಡಿದ 'ಪ್ರಬಲ್' ಇಲ್ಲಿ ಅಳತೆಗೋಲು ಆಗಬಲ್ಲದು. ಕಾಡತೂಸು ಇಲ್ಲದೆ ತೂಕ 675 ಗ್ರಾಂ, ನಳಿಗೆ 76 ಮಿ.ಮೀ., ಒಟ್ಟು ಉದ್ದ 177.6 ಮಿ.ಮೀ. ಅದಕ್ಕೂ ಮೊದಲಿನ ಸರ್ಕಾರಿ ಪಾಯಿಂಟ್ 32 ರಿವಾಲ್ವರ್ ಕೂಡ ನಳಿಗೆ, ತೂಕದಲ್ಲಿ ಇದರ ಆಸುಪಾಸಿನದೇ. ಅದು ಹಳೆಯ ಬ್ರಿಟಿಷ್ ವೆಬ್ಲಿಯ ವಂಶದ್ದು. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯ ಸಂಡೀಲಾದಲ್ಲಿ ವೆಬ್ಲಿ ಹೆಸರಿನ ಪಾಯಿಂಟ್ 32 ರಿವಾಲ್ವರ್ ಈಗ ಮತ್ತೆ ತಯಾರಾಗುತ್ತಿದೆ. ಪಿಸ್ತೂಲು ಬೇಕೆನ್ನುವವರಿಗೆ ಸರ್ಕಾರಿ ಕಾರ್ಖಾನೆಯ 'ಅಶನಿ' ಇದೆ. ಇದರ ಪಾಯಿಂಟ್ 32 ಕಾಡತೂಸು ಬೇರೆ, ರಿವಾಲ್ವರಿನ ಪಾಯಿಂಟ್ 32 ಕಾಡತೂಸು ಬೇರೆ. ಎರಡನ್ನೂ ಬಾಯಲ್ಲಿ ಪಾಯಿಂಟ್ 32 ಎನ್ನುತ್ತಾರೆ, ಒಂದಕ್ಕೆ ಇನ್ನೊಂದರ ಕಾಡತೂಸು ಹಾಕಬಾರದು. ಖರೀದಿಯ ಬಿಲ್ಲಿನಲ್ಲಿ ಕಾಡತೂಸಿನ ಪೂರ್ಣ ಹೆಸರು ಬರೆಸಿಕೊಳ್ಳಿ.

ಸಣ್ಣ ಆಯುಧದಲ್ಲಿ ಗುರಿ ಯಾಕೆ ಕಷ್ಟ ಎಂಬುದಕ್ಕೆ ಒಂದು ಸರಳ ಗಣಿತವಿದೆ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 13 ಸೆಂ.ಮೀ. ಅಂತರವಿದೆ ಎಂದುಕೊಳ್ಳಿ. ಎರಡೂ ಒಂದೇ ಗೆರೆಯಲ್ಲಿ ಇರದೆ 1 ಮಿ.ಮೀ. ತಪ್ಪಿದರೆ 10 ಮೀಟರ್ ದೂರದಲ್ಲಿ ಗುಂಡು ಸುಮಾರು 77 ಮಿ.ಮೀ. ಆಚೆ ಬೀಳುತ್ತದೆ. ಅಂತರ ಹದಿನಾರೂವರೆ ಸೆಂ.ಮೀ. ಇದ್ದರೆ ಅದೇ ತಪ್ಪಿಗೆ ಸುಮಾರು 61 ಮಿ.ಮೀ. ಕ್ರೀಡೆಯ ಏರ್ ಪಿಸ್ತೂಲಿನಲ್ಲಿ ಸೈಟ್‌ಗಳ ಅಂತರ 35 ಸೆಂ.ಮೀ. ಇದ್ದರೆ ಸುಮಾರು 29 ಮಿ.ಮೀ. ಜೇಬಿನ ಪಿಸ್ತೂಲು ಕಲಿಯುವವರಿಗೆ ಸುಲಭ ಎಂಬ ನಂಬಿಕೆ ತಲೆಕೆಳಗಾದದ್ದು. ಅದರಲ್ಲಿ ಗುರಿ ಹೊಡೆಯಲು ಅನುಭವಿಗಳಿಗೇ ಕಷ್ಟ.

ಕೀಲುಗಳು ಎಲ್ಲಿವೆ, ಏನು ಮಾಡುತ್ತವೆ

ರಿವಾಲ್ವರಿನಲ್ಲಿ ಮುಟ್ಟಬೇಕಾದ ಕೀಲುಗಳು ಕಡಿಮೆ. ಟ್ರಿಗರ್, ಸುತ್ತಿಗೆ, ತೆರೆಯುವ ಬೀಗ. ಸುತ್ತಿಗೆಯನ್ನು ಎಳೆಯದೆ ನೇರ ಟ್ರಿಗರ್ ಒತ್ತಿದರೆ ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕು. ಸುತ್ತಿಗೆ ಹಿಂದಕ್ಕೆ ಎಳೆದಿಟ್ಟರೆ ಅದರ ಅರ್ಧವೂ ಬೇಡ. ಆ ಹಗುರ ಎಳೆತ ಗುರಿಗೆ ಒಳ್ಳೆಯದು, ಗಾಬರಿಯಲ್ಲಿರುವ ಬೆರಳಿಗೆ ಬಹಳ ಅಪಾಯದ್ದು. ಮನೆ ರಕ್ಷಣೆಗೆ ಇಟ್ಟುಕೊಂಡವರು ಸುತ್ತಿಗೆ ಎಳೆದಿಟ್ಟ ರಿವಾಲ್ವರ್ ಹಿಡಿದು ಓಡಾಡಲೇಬಾರದು.

ವೆಬ್ಲಿ ಮಾದರಿಯಲ್ಲಿ ಬೀಗ ಒತ್ತಿದರೆ ನಳಿಗೆ ಕೆಳಕ್ಕೆ ಬಾಗಿ ಆಯುಧವೇ ಮಡಚಿಕೊಳ್ಳುತ್ತದೆ, ಎಲ್ಲ ಕಾಡತೂಸುಗಳೂ ಒಮ್ಮೆಗೇ ಮೇಲೇಳುತ್ತವೆ. ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ, ಚೌಕಟ್ಟು ಮುರಿಯುವುದಿಲ್ಲ. ಚೌಕಟ್ಟು ಇಡಿಯಾಗಿರುವುದು ಗಟ್ಟಿತನಕ್ಕೆ ಒಳ್ಳೆಯದು. ಈ ವ್ಯತ್ಯಾಸ ಎಡಗೈಯವರಿಗೆ ಬಹಳ ಮುಖ್ಯ, ಅಲ್ಲಿಗೆ ಮುಂದೆ ಬರುತ್ತೇನೆ.

ಪಿಸ್ತೂಲಿನಲ್ಲಿ ಕೀಲುಗಳು ಹೆಚ್ಚು. ಮೇಲಿನ ಜಾರುವ ಸ್ಲೈಡ್, ಅದನ್ನು ಹಿಂದೆ ತಡೆದು ನಿಲ್ಲಿಸುವ ಕೀಲು, ಮ್ಯಾಗಜಿನ್ ಬಿಡಿಸುವ ಗುಂಡಿ, ಸೇಫ್ಟಿ. ಇಲ್ಲಿ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮ್ಯಾಗಜಿನ್ ತೆಗೆದರೆ ಪಿಸ್ತೂಲು ಖಾಲಿಯಾಗುವುದಿಲ್ಲ. ನಳಿಗೆಯ ಹಿಂದಿನ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು. ಹೈಪವರ್ ಮಾದರಿಯಲ್ಲಿ ಮ್ಯಾಗಜಿನ್ ಇಲ್ಲದಿದ್ದರೆ ಟ್ರಿಗರ್ ಕೆಲಸ ಮಾಡದಂಥ ತಡೆ ಇದೆ. ಅದನ್ನು ಕಂಡು ರೂಢಿಯಾದವರು ಎಲ್ಲ ಪಿಸ್ತೂಲುಗಳೂ ಹಾಗೇ ಎಂದುಕೊಂಡರೆ ಅನಾಹುತ. ಅನೇಕ ಪಿಸ್ತೂಲುಗಳಲ್ಲಿ ಆ ತಡೆಯೇ ಇಲ್ಲ. ಕ್ರಮ ಎಂದಿಗೂ ಬದಲಾಗಬಾರದು: ಬೆರಳು ಟ್ರಿಗರ್‌ನಿಂದ ಹೊರಗೆ, ನಳಿಗೆ ಸುರಕ್ಷಿತ ದಿಕ್ಕಿಗೆ, ಮೊದಲು ಮ್ಯಾಗಜಿನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆ ಎಳೆದು ಕೋಣೆಯನ್ನು ಕಣ್ಣಿನಿಂದ ನೋಡಿ, ಕತ್ತಲಾಗಿದ್ದರೆ ಕಿರುಬೆರಳಿನಿಂದ ಮುಟ್ಟಿ ನೋಡುವುದು. ಕ್ರಮ ಹಿಂದುಮುಂದಾಗಿ ಮೊದಲು ಸ್ಲೈಡ್ ಎಳೆದು ಆಮೇಲೆ ಮ್ಯಾಗಜಿನ್ ತೆಗೆದರೆ, ಮ್ಯಾಗಜಿನ್‌ನಿಂದ ಹೊಸ ಗುಂಡು ಕೋಣೆಗೆ ಏರಿ ಕೂತಿರುತ್ತದೆ. ಖಾಲಿ ಮಾಡಿದೆ ಎಂದುಕೊಂಡವರೇ ತುಂಬಿದ ಆಯುಧವನ್ನು ಕಪಾಟಿನಲ್ಲಿ ಇಡುವುದು ಹೀಗೆ.

ಎಡಗೈಯವರ ಮಾತು

ಹತ್ತರಲ್ಲಿ ಒಬ್ಬರು ಎಡಗೈಯವರು. ನಮ್ಮ ಕಡೆ ಅಂಥ ಮಕ್ಕಳಿಗೆ ಊಟ ಬಲಗೈಲೇ ಮಾಡು, ಬರೆಯುವುದೂ ಬಲಗೈಲೇ ಎಂದು ತಿದ್ದುವ ರೂಢಿ ಇನ್ನೂ ಹೋಗಿಲ್ಲ. ಬಂದೂಕಿನ ವಿಷಯದಲ್ಲಿ ಹಾಗೆ ತಿದ್ದಲು ಹೋಗಬೇಡಿ. ಹಲ್ಲಿನ ಕುಡಗೋಲಿನ ಹರಿತ ಬಲಗೈಗೆ ತಕ್ಕಂತೆ ಇರುವುದರಿಂದ ಎಡಗೈಯಲ್ಲಿ ಜೋಳ ಕೊಯ್ಯುವವರು ಪಡುವ ಪಾಡು ರೈತರಿಗೆ ಗೊತ್ತು. ಪಿಸ್ತೂಲಿನಲ್ಲೂ ಹಾಗೇ, ದೋಷ ಕೈಯದಲ್ಲ, ಕೀಲುಗಳನ್ನು ಜೋಡಿಸಿದ ಬದಿಯದು.

ಎಡಗೈಯಲ್ಲಿ ಪಿಸ್ತೂಲು ಹಿಡಿದಾಗ ತೋರುಬೆರಳು ಆಯುಧದ ಎಡಬದಿಯಲ್ಲಿ, ಹೆಬ್ಬೆರಳು ಬಲಬದಿಯಲ್ಲಿ ಇರುತ್ತದೆ. ಹಳೆಯ ಮಾದರಿಗಳಲ್ಲಿ ಸೇಫ್ಟಿ, ಮ್ಯಾಗಜಿನ್ ಗುಂಡಿ, ಸ್ಲೈಡ್ ತಡೆಯುವ ಕೀಲು ಮೂರೂ ಎಡಬದಿಯಲ್ಲೇ, ಅಂದರೆ ಬಲಗೈಯವರ ಹೆಬ್ಬೆರಳಿಗೆ ಸಿಗುವಂತೆ ಇರುತ್ತವೆ. ಬಲಗೈಯವರು ಹೆಬ್ಬೆರಳಿನಿಂದ ಸೇಫ್ಟಿ ಇಳಿಸುವಾಗ ಅವರ ತೋರುಬೆರಳು ಚೌಕಟ್ಟಿನ ಮೇಲೆ ನೇರವಾಗಿ ನಿಂತಿರುತ್ತದೆ. ಎಡಗೈಯವರಲ್ಲಿ ಕೀಲಿನ ಬದಿಗೆ ಇರುವುದೇ ಟ್ರಿಗರ್ ಬೆರಳು. ಗಾಬರಿಯಲ್ಲಿ ಸೇಫ್ಟಿ ಇಳಿಸಿದ ಬೆರಳು ಅಲ್ಲಿಂದ ಜಾರಿ ನೇರ ಟ್ರಿಗರ್ ಮೇಲೆ ಬೀಳಬಹುದು. ಎಡಗೈಯವರಿಗೆ ಹೆಚ್ಚಿನ ಅಪಾಯ ಇರುವುದು ಇಲ್ಲೇ, ಗುರಿಯಲ್ಲಲ್ಲ.

ಪರಿಹಾರ ಇದೆ. ಎಡಬದಿಯಲ್ಲಿ ಮಾತ್ರ ಸೇಫ್ಟಿ ಇರುವ ಪಿಸ್ತೂಲಾದರೆ ಅದನ್ನು ಬಲಗೈ ಹೆಬ್ಬೆರಳಿನಿಂದ ಇಳಿಸುವುದನ್ನು ಕಲಿಯಬೇಕು. ಎರಡೂ ಕೈ ಆಯುಧದ ಮೇಲೆ ಬಂದ ನಂತರವೇ ಅದು ಆಗಬೇಕು. ಸ್ಲೈಡ್ ಮುಂದಕ್ಕೆ ಬಿಡಲು ಕೀಲನ್ನು ಹುಡುಕುವ ಬದಲು ಬಲಗೈಯಿಂದ ಸ್ಲೈಡನ್ನೇ ಹಿಂದಕ್ಕೆ ಎಳೆದು ಬಿಡುವುದು ಸರಳ, ಅದು ಎರಡೂ ಕೈಯವರಿಗೆ ಒಂದೇ ತೆರ. ಮ್ಯಾಗಜಿನ್ ಗುಂಡಿಯನ್ನು ಎಡಗೈಯ ತೋರುಬೆರಳಿನಿಂದ ಒತ್ತಬಹುದು. ಎಷ್ಟೋ ಎಡಗೈಯವರು ಇದರಲ್ಲಿ ಬಲಗೈಯವರಿಗಿಂತ ಚುರುಕಾಗುತ್ತಾರೆ, ಏಕೆಂದರೆ ಹಿಡಿತ ಸಡಿಲಿಸದೆ ಬೆರಳು ಮುಟ್ಟುತ್ತದೆ. ಹಳೆಯ ಯುರೋಪಿಯನ್ ಜೇಬಿನ ಪಿಸ್ತೂಲುಗಳ ಪೈಕಿ ಮ್ಯಾಗಜಿನ್ ಬೀಗ ಹಿಡಿಯ ತಳದಲ್ಲಿ ಇರುವಂಥವೂ ಇವೆ. ಅವು ಎಡಬಲ ಎಣಿಸುವುದಿಲ್ಲ.

ಹೊಸ ಕಾಲದ ತಯಾರಕರು ಈ ತೊಂದರೆಯನ್ನು ಅರ್ಥ ಮಾಡಿಕೊಂಡಿದ್ದಾರೆ. ಬೆರೆಟ್ಟಾ 92ರಲ್ಲಿ ಸೇಫ್ಟಿ ಎರಡೂ ಬದಿಗಿದೆ, ಮ್ಯಾಗಜಿನ್ ಗುಂಡಿಯನ್ನು ಬದಿ ಬದಲಿಸಬಹುದು. ಗ್ಲಾಕ್ ನಾಲ್ಕನೇ ಪೀಳಿಗೆಯಿಂದ ಬದಿ ಬದಲಿಸಬಹುದಾದ ಗುಂಡಿ ಬಂತು, ಐದನೇ ಪೀಳಿಗೆಯಲ್ಲಿ ಸ್ಲೈಡ್ ಕೀಲೂ ಎರಡೂ ಬದಿಗೆ ಬಂತು. ಇವೆಲ್ಲ ನಮ್ಮ ಅಂಗಡಿಗಳಲ್ಲಿ ಇಲ್ಲ. ಪೊಲೀಸ್ ಇಲ್ಲವೇ ಅರೆಸೇನೆ ಸೇರುವ ಎಡಗೈ ಹುಡುಗರಿಗೆ ಮುಂದೆ ಸಿಗಬಹುದು. ಅಲ್ಲಿ ನಾನು ಎಡಗೈಯವನು, ಗುಂಡಿ ಬದಲಿಸಿಕೊಡಿ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ರಿವಾಲ್ವರಿನ ಕಥೆ ಬೇರೆ. ಎಡಗೈಯವರಿಗೆ ರಿವಾಲ್ವರೇ ಒಳ್ಳೆಯದು ಎಂಬ ಮಾತು ಗುಂಡು ಹಾರಿಸುವವರೆಗೆ ನಿಜ, ಏಕೆಂದರೆ ಟ್ರಿಗರ್ ಮತ್ತು ಸುತ್ತಿಗೆ ನಡುವಿನಲ್ಲೇ ಇವೆ. ತುಂಬುವಾಗ, ಖಾಲಿ ಮಾಡುವಾಗ ಹಾಗಲ್ಲ. ಪಕ್ಕಕ್ಕೆ ಹೊರಳುವ ಸಿಲಿಂಡರ್ ಎಡಕ್ಕೆ ಹೊರಳುವುದೇ ರೂಢಿ. ಬಲಗೈಯವರಿಗೆ ಬಲ ಹೆಬ್ಬೆರಳು ಬೀಗ ಒತ್ತುತ್ತದೆ, ಎಡಗೈ ಸಿಲಿಂಡರ್ ಹೊರಳಿಸುತ್ತದೆ. ಎಡಗೈಯವರು ಆಯುಧವನ್ನು ಒಮ್ಮೆ ಬಲಗೈಗೆ ದಾಟಿಸಿ, ತೆರೆದು, ಖಾಲಿ ಮಾಡಿ, ತುಂಬಿ, ಮುಚ್ಚಿದ ಮೇಲೆ ಎಡಗೈಗೆ ತರುವುದು ನಿಧಾನವಾದರೂ ಭದ್ರ. ಅಮೆರಿಕದ ಚಾರ್ಟರ್ ಆರ್ಮ್ಸ್ ಕಂಪನಿ ಬಲಕ್ಕೆ ಹೊರಳುವ ಸಿಲಿಂಡರಿನ ರಿವಾಲ್ವರನ್ನು ಎಡಗೈಯವರಿಗೆಂದೇ ಮಾಡಿತು. ನಮ್ಮ ಕಾನ್ಪುರದಿಂದ ಅಂಥದ್ದೊಂದು ಬಂದರೆ ಎಷ್ಟೋ ಜನಕ್ಕೆ ಅನುಕೂಲ.

ವೆಬ್ಲಿ ಮಾದರಿಯ ಮಡಚುವ ರಿವಾಲ್ವರಿನಲ್ಲಿ ತೊಡಕು ಕಡಿಮೆ. ಬೀಗದ ಕೀಲು ಎಡಬದಿಯಲ್ಲಿ ಇದ್ದರೂ ಬಲಗೈಯಿಂದ ಅದನ್ನು ಒತ್ತಿ ನಳಿಗೆಯನ್ನು ಬಗ್ಗಿಸಬಹುದು. ಒಮ್ಮೆ ತೆರೆದುಕೊಂಡ ಮೇಲೆ ಎಡಬಲದ ಭೇದವಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಸಿಗುವುದರಲ್ಲಿ ಎಡಗೈಯವರಿಗೆ ನಾನು ಮೊದಲು ಹಿಡಿದು ನೋಡಿ ಎನ್ನುವುದು ಇದನ್ನೇ. ಅಜ್ಜನಿಂದ ಬಂದ ವೆಬ್ಲಿ ಮನೆಯಲ್ಲಿದ್ದು ಮೊಮ್ಮಗ ಎಡಗೈಯವನಾದರೆ ಹೊಸದು ಹುಡುಕುವ ಅಗತ್ಯವೇ ಬೀಳದಿರಬಹುದು. ಲೈಸೆನ್ಸುದಾರರು ತೀರಿಕೊಂಡಾಗ, ಇಲ್ಲವೇ ಅವರಿಗೆ 70 ವರ್ಷ ತುಂಬಿದಾಗ, ಇಲ್ಲವೇ 25 ವರ್ಷ ಆಯುಧ ಇಟ್ಟುಕೊಂಡಿದ್ದಾಗ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಿ ಅರ್ಜಿ ಹಾಕಲು ನಿಯಮದಲ್ಲಿ ದಾರಿ ಇದೆ. ಲೈಸೆನ್ಸ್ ಕೈಗೆ ಬರುವವರೆಗೆ ಆಯುಧ ಠಾಣೆಯಲ್ಲಿ ಇಲ್ಲವೇ ಅಧಿಕೃತ ಡೀಲರ್ ಬಳಿ ಇರಬೇಕು, ಮನೆಯ ಟ್ರಂಕಿನಲ್ಲಲ್ಲ.

ಕಣ್ಣಿನ ವಿಷಯವನ್ನೂ ಸೇರಿಸಬೇಕು. ಕೈಯಂತೆ ಕಣ್ಣಿನಲ್ಲೂ ಒಂದು ಮುಂದಾಳು ಇರುತ್ತದೆ. ಸುಮಾರು ಮೂರರಲ್ಲಿ ಒಬ್ಬರಿಗೆ ಎಡಗಣ್ಣು ಮುಂದು, ಅವರಲ್ಲಿ ಬಲಗೈಯವರೂ ಇದ್ದಾರೆ. ಎರಡೂ ಅಂಗೈ ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಕಂಬವೊಂದನ್ನು ಎರಡೂ ಕಣ್ಣು ತೆರೆದು ಆ ಕಿಂಡಿಯಿಂದ ನೋಡಿ. ಒಂದೊಂದೇ ಕಣ್ಣು ಮುಚ್ಚಿದಾಗ ಯಾವ ಕಣ್ಣಿಗೆ ಕಂಬ ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಿನ ಕಣ್ಣು. ಉದ್ದ ಬಂದೂಕಿನಲ್ಲಿ ಕೈ ಒಂದು ಕಣ್ಣು ಒಂದು ಆದರೆ ತೊಡಕು. ಪಿಸ್ತೂಲಿನಲ್ಲಿ ತಲೆ ತುಸು ತಿರುಗಿಸಿದರೆ, ಇಲ್ಲವೇ ಆಯುಧವನ್ನು ಆ ಕಣ್ಣಿನ ಮುಂದಕ್ಕೆ ತಂದರೆ ಸಾಕು. ಇದಕ್ಕಾಗಿ ಕೈ ಬದಲಿಸುವುದು ಬೇಡ.

ಸೊಂಟ, ಕಪಾಟು, ಧೂಳು

ಧೋತರದ ಸೊಂಟಕ್ಕೋ ಪ್ಯಾಂಟಿನ ಬೆಲ್ಟಿಗೋ ಪಿಸ್ತೂಲು ಸಿಕ್ಕಿಸಿಕೊಳ್ಳುವುದನ್ನು ಬಿಡಬೇಕು. ಬಟ್ಟೆಯ ಮಡಿಕೆ ಟ್ರಿಗರ್‌ಗೆ ಸಿಕ್ಕಿ ಗುಂಡು ಹಾರಬಹುದು. ಸಾರ್ವಜನಿಕ ಜಾಗದಲ್ಲಿ ಆಯುಧ ಹೋಲ್‌ಸ್ಟರ್‌ನಲ್ಲಿ ಇಲ್ಲವೇ ಪೂರ್ತಿ ಮುಚ್ಚಿರಬೇಕೆಂದು ನಿಯಮವೂ ಹೇಳುತ್ತದೆ. ಟ್ರಿಗರ್ ಭಾಗ ಪೂರ್ತಿ ಮುಚ್ಚುವ, ಆಯುಧದ ಮಾದರಿಗೇ ಹೊಲಿದ ಹೋಲ್‌ಸ್ಟರ್ ಬೇಕು. ಎಡಗೈಯವರಿಗೆ ಎಡ ಸೊಂಟದ್ದೇ ಬೇಕು. ಬಲಗೈಯ ಹೋಲ್‌ಸ್ಟರನ್ನು ಎಡಕ್ಕೆ ಕಟ್ಟಿಕೊಂಡರೆ ಹಿಡಿ ಮುಂದಕ್ಕೆ ತಿರುಗುತ್ತದೆ, ತೆಗೆಯುವಾಗ ನಳಿಗೆ ಸ್ವಂತ ದೇಹವನ್ನೋ ಪಕ್ಕದವರನ್ನೋ ಹಾಯುತ್ತದೆ. ಚರ್ಮದ ಕೆಲಸ ಬಲ್ಲವರು ಆಯುಧ ಮುಟ್ಟದೆಯೇ ಮರದ ಅಚ್ಚಿನ ಮೇಲೆ ಎಡಬದಿಯದನ್ನು ಹೊಲಿದುಕೊಡಬಲ್ಲರು.

ಮನೆಯಲ್ಲಿ ಆಯುಧ ಒಂದು ಬೀಗದಲ್ಲಿ, ಕಾಡತೂಸು ಇನ್ನೊಂದು ಬೀಗದಲ್ಲಿ. ದೇವರ ಜಗುಲಿ, ಹಾಸಿಗೆಯ ತಲೆಭಾಗ, ಟ್ರ್ಯಾಕ್ಟರಿನ ಡಬ್ಬಿ ಯಾವುದೂ ಜಾಗವಲ್ಲ, ಮಕ್ಕಳ ಕೈ ಅಲ್ಲೆಲ್ಲ ಮುಟ್ಟುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಬೆವರು ಮತ್ತು ಎರೆಮಣ್ಣಿನ ಧೂಳು ಕೂಡಿ ಲೋಹವನ್ನು ತಿನ್ನುತ್ತವೆ. ಚರ್ಮದ ಹೋಲ್‌ಸ್ಟರ್ ಒಳಗೇ ತಿಂಗಳುಗಟ್ಟಲೆ ಇಟ್ಟರೆ ತುಕ್ಕು ಬೇಗ. ಒಣ ಬಟ್ಟೆಯಿಂದ ಒರೆಸಿ, ತೆಳ್ಳಗೆ ಆಯುಧದ ಎಣ್ಣೆ ಸವರಿ, ಹೋಲ್‌ಸ್ಟರ್‌ನಿಂದ ಹೊರಗೆ, ಬೀಗದಲ್ಲೇ ಇಡಿ. ಎಣ್ಣೆ ಹೆಚ್ಚಾದರೆ ಧೂಳು ಅಂಟಿಕೊಳ್ಳುತ್ತದೆ.

ಕಲಿಯುವುದು ಎಲ್ಲಿ

ಕರ್ನಾಟಕದಲ್ಲಿ ಜಿಲ್ಲಾ ಪೊಲೀಸರು ಆಗಾಗ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತಾರೆ. ಲೈಸೆನ್ಸ್ ಅರ್ಜಿಗೆ ಮುಂಚೆಯೇ ಅಲ್ಲಿ ಸೇರಿಕೊಳ್ಳುವುದು ಒಳ್ಳೆಯದು. ಯಾವಾಗ ನಡೆಯುತ್ತದೆ ಎಂದು ವಿಜಯಪುರದ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲೋ ಹತ್ತಿರದ ಠಾಣೆಯಲ್ಲೋ ವಿಚಾರಿಸಿ. ಹೆಸರು ಕೊಡುವಾಗ ಎಡಗೈಯವರು ಅದನ್ನು ಹೇಳಿಬಿಡಿ. ಸಾಲಿನಲ್ಲಿ ನಿಲ್ಲಿಸುವಾಗ ಪಕ್ಕದವರ ಮುಂದೆ ನಳಿಗೆ ಹಾಯದ ಜಾಗ ಕೊಡುತ್ತಾರೆ.

ಮಕ್ಕಳಿಗೆ ಏರ್ ಪಿಸ್ತೂಲೇ ಸರಿಯಾದ ಬಾಗಿಲು. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ಆಯುಧಕ್ಕೆ ಲೈಸೆನ್ಸ್ ಬೇಕಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ತೂಕ 1500 ಗ್ರಾಂ ಮೀರಬಾರದು, 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯಲ್ಲಿ ಹಿಡಿಸಬೇಕು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ಎತ್ತಬೇಕು. 75 ನಿಮಿಷದಲ್ಲಿ 60 ಗುಂಡು, ಒಂದೇ ಕೈಯಲ್ಲಿ. ಬೆಂಗಳೂರಿನ ಪಿ.ಎನ್. ಪ್ರಕಾಶ್ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು, ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ತಂದದ್ದು ಈ ಆಟದಲ್ಲೇ. ಹಂಗೆರಿಯ ಕಾರೊಯ್ ಟಕಾಚ್ ಅವರ ಬಲಗೈ 1938ರಲ್ಲಿ ಗ್ರೆನೇಡ್ ಸಿಡಿದು ಹಾಳಾಯಿತು. ಎಡಗೈಯಲ್ಲಿ ಮೊದಲಿನಿಂದ ಕಲಿತು 1948 ಮತ್ತು 1952ರ ಒಲಿಂಪಿಕ್ಸ್‌ಗಳಲ್ಲಿ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲಿನ ಚಿನ್ನ ಗೆದ್ದರು. ಎಡಗೈಗೆ ಗುರಿ ಒಲಿಯುವುದಿಲ್ಲ ಎನ್ನುವವರಿಗೆ ಇವರ ಹೆಸರು ಹೇಳಿ.

ಕ್ರೀಡೆಯ ಏರ್ ಪಿಸ್ತೂಲಿನ ಮರದ ಹಿಡಿ ಅಂಗೈಯ ಉಬ್ಬುತಗ್ಗಿಗೆ ತಕ್ಕಂತೆ ಕೆತ್ತಿರುತ್ತದೆ, ಬಲಗೈಯದನ್ನು ಎಡಗೈಯಲ್ಲಿ ಹಿಡಿಯಲೇ ಆಗದು. ಮೊರಿನಿ, ಸ್ಟೈಯರ್, ಪಾರ್ಡಿನಿ, ವಾಲ್ಥರ್ ಕಂಪನಿಗಳು ಎಡಗೈಯ ಹಿಡಿಯನ್ನೂ ಸಣ್ಣ, ಮಧ್ಯಮ, ದೊಡ್ಡ ಅಳತೆಗಳಲ್ಲಿ ಮಾಡುತ್ತವೆ. ಕ್ಲಬ್ಬಿನಲ್ಲಿ ಇರುವುದು ಬಹುತೇಕ ಬಲಗೈಯದೇ ಆಗಿರುವುದರಿಂದ ಎಡಗೈ ಮಗುವನ್ನು ಕಳಿಸುವ ಮೊದಲು ಎಡ ಹಿಡಿ ಇದೆಯೇ ಎಂದು ಫೋನಿನಲ್ಲಿ ಕೇಳಿ. ಇಲ್ಲದಿದ್ದರೆ ತರಿಸಲು ವಾರಗಟ್ಟಲೆ ಹಿಡಿಯುತ್ತದೆ. ಮಗು ಬೆಳೆಯುತ್ತಿದ್ದರೆ ತುಸು ದೊಡ್ಡ ಅಳತೆಯದನ್ನು ತರಿಸಿ, ಖಾಲಿ ಉಳಿದ ಜಾಗಕ್ಕೆ ಮರದ ಲಪ್ಪ ತುಂಬಿ ಅರದಿಂದ ತಿದ್ದಬಹುದು, ಕೈ ದೊಡ್ಡದಾದಂತೆ ಲಪ್ಪ ಕೆರೆದು ತೆಗೆಯಬಹುದು. ಮಣಿಕಟ್ಟಿಗೆ ಮಾತ್ರ ಆಸರೆ ಕೊಡುವಂತೆ ಹಿಡಿಯನ್ನು ಬೆಳೆಸಬೇಡಿ, ಸ್ಪರ್ಧೆಗೆ ಮುಂಚಿನ ತಪಾಸಣೆಯಲ್ಲಿ ಅದನ್ನು ತೆಗೆದುಹಾಕಿಸುತ್ತಾರೆ.